ಶಾಲೆಯ ಅಂಗಳಕ್ಕೆ ‘ಔಷಧಿ’ ಹೊಡೆಯುವ ಮುಂಚೆ

ಮಾನ್ಯ ಸಂಪಾದಕರೇ,

ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯವಳು. ಮನೆಯಲ್ಲಿ ಅಡಿಕೆ ತೋಟ ಇದೆ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು, ನಾನು ಅದೇ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸದಸ್ಯೆ. ಪೇಪರಿಗೆ ಪತ್ರ ಬರೆದು ಅಭ್ಯಾಸ ಇಲ್ಲ. ಆದರೆ ಈ ಜೂನ್‌ನಲ್ಲಿ ಕಣ್ಣಾರೆ ಕಂಡಿದ್ದನ್ನು ಬರೆಯದೆ ಸುಮ್ಮನಿರಲು ಆಗುತ್ತಿಲ್ಲ.

ಬಿಸಿಯೂಟದ ಸಾಂಬಾರಿಗೆ ಆಗುತ್ತದೆ ಅಂತ ಹಿತ್ತಲಿನ ಬಸಳೆ ಕೊಯ್ದುಕೊಂಡು ಶಾಲೆಗೆ ಹೋಗಿದ್ದೆ. ಮಕ್ಕಳಿಗೆ ಆಗ ಬಿಡುವು. ಶೌಚಾಲಯದ ಹಿಂದಿನ ಗೋಡೆ ಹತ್ತಿರ ಒಂದನೇ, ಎರಡನೇ ಕ್ಲಾಸಿನ ನಾಲ್ಕು ಹುಡುಗಿಯರು ಕುಕ್ಕರಗಾಲಲ್ಲಿ ಕೂತು ಅಡುಗೆ ಆಟ ಆಡುತ್ತಿದ್ದರು. ಮೂರು ಕಲ್ಲಿನ ಒಲೆ, ತೆಂಗಿನ ಗರಟೆಯ ಪಾತ್ರೆ, ಹರಿದು ಹಾಕಿದ ಹಸಿರು ಎಲೆ. ಅವರಲ್ಲಿ ಒಬ್ಬಳು ಗೋಡೆಯ ಬುಡದಿಂದ ಬೆರಳ ತುದಿಯಲ್ಲಿ ಏನೋ ಕಾಳು ಕಾಳಾಗಿದ್ದದ್ದನ್ನು ಹೆಕ್ಕಿ ಗರಟೆಗೆ ಹಾಕುತ್ತಿದ್ದಳು. ‘ಏನೇ ಪುಟ್ಟಿ ಅದು?’ ಅಂದೆ. ‘ಒಗ್ಗರಣೆ ಅತ್ತೆ, ಸಾಸಿವೆ’ ಅಂದಳು. ನಾನು ಬಗ್ಗಿ ನೋಡಿದೆ. ವಾಸನೆ ಮೂಗಿಗೆ ಬಡಿಯಿತು. ತೋಟದ ಮನೆಯವರಿಗೆ ಆ ವಾಸನೆ ಯಾರೂ ಹೇಳಿಕೊಡಬೇಕಾಗಿಲ್ಲ. ಫೋರೇಟ್, ಬೆಳೆಗೆ ಹಾಕುವ ಕೀಟನಾಶಕ.

ಗರಟೆ ಕಿತ್ತು ಎಸೆದೆ. ನಾಲ್ಕೂ ಮಕ್ಕಳನ್ನು ನಲ್ಲಿ ಹತ್ತಿರ ಎಳೆದುಕೊಂಡು ಹೋಗಿ ಸೋಪು ಹಾಕಿ ಕೈ ತಿಕ್ಕಿಸಿದೆ, ಉಗುರಿನ ಸಂದಿಯನ್ನೂ ಬಿಡಲಿಲ್ಲ. ಗಾಬರಿಗೆ ನನ್ನ ಕೈಯೇ ನಡುಗುತ್ತಿತ್ತು. ಮಕ್ಕಳು ಯಾಕೆ ಅಂತ ಗೊತ್ತಾಗದೆ ಅಳೋಕೆ ಶುರು ಮಾಡಿದರು. ಮೇಷ್ಟ್ರು ತಕ್ಷಣ ಬೈಕಿನಲ್ಲಿ ಹೋಗಿ ಆಟೋ ತಂದರು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಸಂಜೆವರೆಗೂ ಕೂರಿಸಿಕೊಂಡು ನೋಡಿದರು. ದೇವರು ದೊಡ್ಡವನು, ಯಾರೂ ಬಾಯಿಗೆ ಹಾಕಿಕೊಂಡಿರಲಿಲ್ಲ, ಏನೂ ಆಗಲಿಲ್ಲ.

ಅದನ್ನು ಹಾಕಿದ್ದು ಯಾರೋ ಕೆಟ್ಟವರಲ್ಲ. ಶಾಲೆ ಶುರುವಾದ ವಾರವೇ ಶೌಚಾಲಯದ ಹಿಂದೆ ಹಾವಿನ ಪೊರೆ ಸಿಕ್ಕಿತ್ತು. ಊರಿನ ಹಿರಿಯರೊಬ್ಬರು, ಶಾಲೆಗೆ ಯಾವಾಗಲೂ ಸಹಾಯ ಮಾಡುವವರೇ, ಮಕ್ಕಳಿಗೆ ಹಾವು ಕಚ್ಚಬಾರದು ಅಂತ ತಮ್ಮ ಮನೆ ಅಟ್ಟದಲ್ಲಿದ್ದ ಹಳೆ ಪ್ಯಾಕೆಟ್ ತಂದು ಭಾನುವಾರ ಗೋಡೆ ಉದ್ದಕ್ಕೂ ಉದುರಿಸಿ ಹೋಗಿದ್ದಾರೆ. ನಮ್ಮ ಕಡೆ ಎಷ್ಟೋ ಮನೆಗಳ ಸುತ್ತ ಮಳೆಗಾಲದಲ್ಲಿ ಹೀಗೆ ಹಾಕುತ್ತಾರೆ. ಅವರಿಗೆ ವಿಷಯ ಹೇಳಿದಾಗ ಕಣ್ಣಲ್ಲಿ ನೀರು ಹಾಕಿಕೊಂಡರು. ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ನಾನು ಬರೆಯುತ್ತಿರುವುದು ಒಬ್ಬರ ಮೇಲೆ ದೂರು ಹೇಳುವುದಕ್ಕಲ್ಲ. ಶಾಲೆಯ ಗೇಟಿನೊಳಗೆ ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾರನ್ನೂ ಕೇಳದೆ ವಿಷ ತಂದು ಸುರಿಯಬಹುದು ಅನ್ನುವ ಹಾಗೆ ಇದೆಯಲ್ಲ, ಅದರ ಬಗ್ಗೆ.

ಮೊದಲ ತಪ್ಪು ನಮ್ಮ ಮಾತಿನಲ್ಲೇ ಇದೆ ಅನ್ನಿಸುತ್ತದೆ. ನಾವು ಇದನ್ನು ವಿಷ ಅನ್ನುವುದಿಲ್ಲ, ‘ಔಷಧಿ’ ಅನ್ನುತ್ತೇವೆ. ಹುಲ್ಲಿನ ಔಷಧಿ, ಗೆದ್ದಲಿನ ಔಷಧಿ, ಹಾವಿನ ಔಷಧಿ, ಇಲಿ ಔಷಧಿ. ‘ಔಷಧಿ ಹೊಡೆಸಿದೀವಿ, ಇನ್ನು ಭಯ ಇಲ್ಲ’ ಅಂತ ಹೇಳಿದರೆ ಕೇಳುವ ತಾಯಿಗೂ ಸಮಾಧಾನವೇ ಆಗುತ್ತದೆ. ‘ಮಕ್ಕಳು ಆಡುವ ಜಾಗಕ್ಕೆ ವಿಷ ಹಾಕಿದೀವಿ’ ಅಂತ ಅದೇ ಮಾತನ್ನು ಹೇಳಿ ನೋಡಿ, ಯಾವ ತಾಯಿ ಸುಮ್ಮನಿರುತ್ತಾಳೆ?

ಫೋರೇಟ್ ನರಗಳಿಗೆ ಹೊಡೆಯುವ ವಿಷ. ಹೊಟ್ಟೆಗೆ ಹೋಗಬೇಕಂತಲೇ ಇಲ್ಲ, ಚರ್ಮದಿಂದಲೂ ಒಳಗೆ ಇಳಿಯುತ್ತದೆ. ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆ ಸಣ್ಣದಾಗುವುದು, ಆಮೇಲೆ ಉಸಿರಾಟದ ತೊಂದರೆ. ಇದು ಎಷ್ಟು ಅಪಾಯ ಅಂದರೆ ಕೇಂದ್ರ ಸರ್ಕಾರ 2018ರಲ್ಲಿ ಆದೇಶ ಹೊರಡಿಸಿ 2020ರ ಡಿಸೆಂಬರ್ 31ರಿಂದ ಇದನ್ನು ಪೂರ್ತಿ ನಿಷೇಧ ಮಾಡಿದೆ. ಅಂಗಡಿಯಲ್ಲಿ ನಿಷೇಧ ಆಯಿತು, ಆದರೆ ಅಟ್ಟದ ಮೇಲಿನ ಪ್ಯಾಕೆಟ್ಟುಗಳು ಹಾಗೇ ಉಳಿದವು. ಅದೆಲ್ಲ ಬಿಡಿ, ಇಷ್ಟು ದೊಡ್ಡ ವಿಷ ಹಾಕಿದರೂ ಹಾವು ಬರದೇ ಇರುತ್ತದೆ ಅನ್ನುವುದಕ್ಕೆ ಯಾವ ಗ್ಯಾರಂಟಿಯೂ ಇಲ್ಲ. ಫಿನಾಯಿಲ್, ಬೆಳ್ಳುಳ್ಳಿ, ಸೀಮೆಎಣ್ಣೆ, ಎಲ್ಲದರ ಕಥೆಯೂ ಅಷ್ಟೇ. ಆದರೆ ಆ ಕಾಳನ್ನು ಕೆದಕಿದ ಕೋಳಿ ಸಾಯುತ್ತದೆ, ಮಳೆ ನೀರಲ್ಲಿ ತೊಳೆದು ಪಕ್ಕದ ಬಾವಿ ಕಡೆಗೂ ಹೋಗುತ್ತದೆ. ನಮ್ಮ ಶಾಲೆಯ ಬಾವಿ ಆ ಗೋಡೆಯಿಂದ ಹತ್ತು ಮಾರು ದೂರವೂ ಇಲ್ಲ.

ಬಿಹಾರದಲ್ಲಿ ಆಗಿದ್ದು ಹಿರಿಯ ಓದುಗರಿಗೆ ನೆನಪಿರಬಹುದು. 2013ರ ಜುಲೈ 16, ಸಾರಣ್ ಜಿಲ್ಲೆ. ಶಾಲೆಯ ಬಿಸಿಯೂಟ ಉಂಡು 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಅನ್ನುವ ಕೀಟನಾಶಕ ಸೇರಿತ್ತು. ಅದೂ ಫೋರೇಟ್ ಗುಂಪಿಗೇ ಸೇರಿದ ವಿಷ. ಅವತ್ತಿನಿಂದ ನಮ್ಮ ಶಾಲೆಗಳಲ್ಲಿ ಅಡುಗೆಯವರು, ಶಿಕ್ಷಕರು ಮೊದಲು ರುಚಿ ನೋಡಿ ಬಡಿಸುತ್ತಾರೆ, ಒಳ್ಳೆಯದೇ. ಆದರೆ ಅಡುಗೆ ಕೋಣೆಯ ಮೂಲೆಯಲ್ಲಿ ಇಲಿ ಪಾಷಾಣದ ಪೊಟ್ಟಣವನ್ನೋ ಗೆದ್ದಲಿನ ಔಷಧಿ ಬಾಟಲಿಯನ್ನೋ ಇಡುವುದು ಎಷ್ಟು ಕಡೆ ನಿಂತಿದೆ? ಒಮ್ಮೆ ಹೋಗಿ ನೋಡಿ ಬನ್ನಿ. ಶೆಲ್ಫಿನ ಮೇಲೆ ಉಪ್ಪಿನ ಡಬ್ಬಿ, ಅದರ ಕೆಳಗೆ ಕೂಲ್ ಡ್ರಿಂಕ್ಸ್ ಬಾಟಲಿಯಲ್ಲಿ ಹೆಸರಿಲ್ಲದ ಬಿಳಿ ದ್ರವ ಇದ್ದರೂ ಇರಬಹುದು.

ಹಾವಿನ ವಿಷಯಕ್ಕೆ ವಾಪಸ್ ಬರುತ್ತೇನೆ, ಯಾಕೆಂದರೆ ಭಯ ಇರುವುದು ಅಲ್ಲೇ ಮತ್ತು ಆ ಭಯ ಸುಳ್ಳಲ್ಲ. 2019ರ ನವೆಂಬರ್‌ನಲ್ಲಿ ನಮ್ಮ ಗುಂಡ್ಲುಪೇಟೆ ಗಡಿಯಾಚೆ, ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ಐದನೇ ಕ್ಲಾಸಿನ ಹುಡುಗಿ ಕ್ಲಾಸ್ ರೂಮಿನಲ್ಲೇ ಹಾವು ಕಚ್ಚಿ ತೀರಿಕೊಂಡಳು. ನೆಲದ ಪಕ್ಕದಲ್ಲಿದ್ದ ಬಿಲದೊಳಗಿಂದ ಹಾವು ಕಚ್ಚಿತ್ತು. ಅಲ್ಲಿ ಬೇಕಾಗಿದ್ದದ್ದು ಒಂದು ಬಾಣಲೆ ಸಿಮೆಂಟು. ಆಮೇಲೆ, ತಡ ಮಾಡದೆ ಆಸ್ಪತ್ರೆ. ಯಾವ ಔಷಧಿ ಹೊಡೆದಿದ್ದರೂ ಆ ಬಿಲ ಮುಚ್ಚುತ್ತಿರಲಿಲ್ಲ.

ಹಾವು ಶಾಲೆಗೆ ಬರುವುದು ಮಕ್ಕಳನ್ನು ಹುಡುಕಿಕೊಂಡಲ್ಲ. ಇಲಿ, ಕಪ್ಪೆ ಹುಡುಕಿಕೊಂಡು ಬರುತ್ತದೆ. ಅಕ್ಕಿ ಚೀಲ ನೆಲದ ಮೇಲಿದ್ದರೆ ಇಲಿ, ಉಂಡು ಬಿಸಾಡಿದ ಅನ್ನ ತಟ್ಟೆ ತೊಳೆಯುವ ಜಾಗದಲ್ಲೇ ಬಿದ್ದಿದ್ದರೆ ಇಲಿ, ಇಲಿ ಇದ್ದರೆ ಹಾವು. ಕಟ್ಟಡ ರಿಪೇರಿ ಆದಾಗ ಉಳಿದ ಹೆಂಚು, ಇಟ್ಟಿಗೆ, ಮುರಿದ ಬೆಂಚುಗಳ ರಾಶಿ ವರ್ಷಗಟ್ಟಲೆ ಹಿಂದುಗಡೆ ಬಿದ್ದಿರುತ್ತದೆ. ಹಾವಿಗೆ ಅದಕ್ಕಿಂತ ಒಳ್ಳೆ ಮನೆ ಬೇಕೇ? ನಾವು ಆ ಘಟನೆ ಆದ ಮೇಲಿನ ಶನಿವಾರ ಹನ್ನೆರಡು ಜನ ಪೋಷಕರು ಸೇರಿ ಆ ರಾಶಿ ತೆಗೆದೆವು. ಅದರೊಳಗಿಂದ ಹೊರಬಂದದ್ದು ಒಂದು ಉದ್ದನೆಯ ಕೇರೆ ಹಾವು. ವಿಷವಿಲ್ಲದ್ದು, ಇಲಿ ತಿಂದು ನಮಗೆ ಉಪಕಾರ ಮಾಡುವಂಥದ್ದು. ಅದು ತನ್ನ ಪಾಡಿಗೆ ಬೇಲಿ ದಾಟಿ ತೋಟಕ್ಕೆ ಹೋಯಿತು. ಆ ಪೊರೆಯೂ ಅದರದ್ದೇ ಇರಬೇಕು.

ಹಾಗಂತ ನಾಗರಹಾವು, ಕೊಳಕು ಮಂಡಲ, ಕಟ್ಟು ಹಾವು ನಮ್ಮಲ್ಲಿ ಇಲ್ಲ ಅಂತಲ್ಲ. ಧಾರಾಳವಾಗಿ ಇವೆ. ಅದಕ್ಕೇ ಹೇಳುವುದು, ಗೋಡೆ ಬುಡದಿಂದ ನಾಲ್ಕಡಿ ಜಾಗ ಹುಲ್ಲಿಲ್ಲದೆ ಚೊಕ್ಕ ಇರಲಿ. ಶೌಚಾಲಯದ ಪೈಪು ಹೊರಗೆ ಹೋಗುವ ತೂತಿಗೆ ಜಾಲರಿ ಬರಲಿ. ಬಾಗಿಲ ಕೆಳಗಿನ ಸಂದಿಗೆ ಪಟ್ಟಿ ಹೊಡೆಯಿರಿ. ಮಕ್ಕಳು ಹೊರಗೆ ಬಿಟ್ಟ ಚಪ್ಪಲಿ, ಶೂ ಕೊಡವಿ ಹಾಕಿಕೊಳ್ಳಲಿ. ಮಳೆಗಾಲದಲ್ಲಿ ಅದರೊಳಗೆ ಜರಿ, ಚೇಳು ಸೇರಿಕೊಳ್ಳುವುದು ನಮ್ಮ ಮನೆಗಳಲ್ಲೂ ನೋಡಿದ್ದೇವೆ ಅಲ್ವಾ? ಹಾವು ಕಂಡರೆ ಹೊಡೆಯಲು ಹೋಗಬೇಡಿ, ಕಚ್ಚಿಸಿಕೊಳ್ಳುವವರಲ್ಲಿ ಹೊಡೆಯಲು ಹೋದವರೂ ಇರುತ್ತಾರೆ. ಮಕ್ಕಳನ್ನು ದೂರ ಕಳಿಸಿ, ಒಬ್ಬರು ದೂರದಿಂದ ಅದರ ಮೇಲೆ ಕಣ್ಣಿಟ್ಟಿರಿ, ಅರಣ್ಯ ಇಲಾಖೆಗೋ ಊರಿನಲ್ಲಿ ಹಾವು ಹಿಡಿಯುವ ತಿಳಿದವರಿಗೋ ಫೋನ್ ಮಾಡಿ.

ಕಚ್ಚಿತು ಅಂತಾದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಮಗುವನ್ನು ನಡೆಸಬೇಡಿ, ಕಚ್ಚಿದ ಕೈಯೋ ಕಾಲೋ ಅಲುಗಾಡದ ಹಾಗೆ ನೋಡಿಕೊಳ್ಳಿ, ಬಳೆ, ಉಂಗುರ, ಕಾಲುಗೆಜ್ಜೆ ತೆಗೆಯಿರಿ, 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ. ಇದು ಒಂದು ಹಾಳೆಯಲ್ಲಿ ಬರೆದು ಆಫೀಸ್ ರೂಮಿನ ಗೋಡೆಗೆ ಅಂಟಿಸುವಷ್ಟು ಸಣ್ಣ ವಿಷಯ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯವೇ ಸೇರಿಸಿದೆ. ಸರ್ಕಾರಕ್ಕೆ ಇದರ ಗಂಭೀರತೆ ಗೊತ್ತಿದೆ ಅಂತಾಯಿತು. ಆ ತಿಳಿವಳಿಕೆ ಶಾಲೆಯ ಹಿಂದಿನ ಗೋಡೆವರೆಗೂ ಬರಬೇಕು.

ಈ ಪತ್ರ ಈಗಲೇ ಬರೆಯುತ್ತಿರುವುದಕ್ಕೆ ಇನ್ನೊಂದು ಕಾರಣ, ಎರಡು ವಾರ ಕಳೆದರೆ ಆಗಸ್ಟ್ 15. ಧ್ವಜ ಹಾರಿಸಬೇಕು, ಮಕ್ಕಳು ಕವಾಯತು ಮಾಡಬೇಕು, ಮೈದಾನದಲ್ಲಿ ಮೊಣಕಾಲುದ್ದ ಹುಲ್ಲು. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಡಲು ಶಾಲೆಯಲ್ಲಿ ದುಡ್ಡಿಲ್ಲ. ಆಗ ಯಾರಾದರೂ ‘ನಮ್ಮನೆ ಪಂಪ್ ಇದೆ, ಅರ್ಧ ದಿನದ ಕೆಲಸ’ ಅಂತ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಬಂದೇ ಬರುತ್ತಾರೆ. ಹೋದ ವರ್ಷ ನಮ್ಮಲ್ಲೂ ಹಾಗೇ ಆಯಿತು. ಮಧ್ಯಾಹ್ನ ಕಳೆನಾಶಕ ಹೊಡೆದು ಹೋದರು, ಸಂಜೆ ಅದೇ ಜಾಗದಲ್ಲಿ ಹುಡುಗರು ಬರಿಗಾಲಲ್ಲಿ ಕಬಡ್ಡಿ ಆಡಿದರು. ಕಬಡ್ಡಿ ಅಂದರೆ ಗೊತ್ತಲ್ಲ, ಮೈ ಕೈ ಮುಖ ಎಲ್ಲ ನೆಲಕ್ಕೆ ತಿಕ್ಕುವ ಆಟ. ಆಡಿ ಬಂದು ಕೈ ಒರೆಸಿಕೊಂಡು ಮಂಡಕ್ಕಿ ತಿಂದರು. ನಾನೂ ಅವತ್ತು ನೋಡಿಕೊಂಡು ಸುಮ್ಮನಿದ್ದೆ, ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಹುಲ್ಲಿಗೆ ಜಾಸ್ತಿ ಹೊಡೆಯುವುದು ಗ್ಲೈಫೋಸೇಟ್. ಅದನ್ನು ತರಬೇತಿ, ಲೈಸೆನ್ಸ್ ಇರುವ ಕೀಟ ನಿಯಂತ್ರಣದವರು ಬಿಟ್ಟು ಬೇರೆ ಯಾರೂ ಬಳಸಬಾರದು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲೇ ಆದೇಶ ಹೊರಡಿಸಿತ್ತು. ಇನ್ನು ಪ್ಯಾರಾಕ್ವಾಟ್, ಹುಲ್ಲು ಎರಡೇ ದಿನಕ್ಕೆ ಬೆಂಕಿಯಲ್ಲಿ ಸುಟ್ಟ ಹಾಗೆ ಆಗುತ್ತದಲ್ಲ, ಅದು. ಅಪ್ಪಿತಪ್ಪಿ ಒಂದು ಗುಟುಕು ಒಳಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಇಂಥದ್ದರ ಖಾಲಿ ಬಾಟಲಿಯನ್ನು ಶಾಲೆಯ ಕಾಂಪೌಂಡಿನ ಆಚೆಗೆ ಎಸೆದು ಹೋಗುತ್ತಾರೆ, ಮಕ್ಕಳು ಅದನ್ನು ತಂದು ನೀರು ತುಂಬಿ ಮುಚ್ಚಳಕ್ಕೆ ತೂತು ಮಾಡಿ ಪಿಚಕಾರಿ ಆಡುತ್ತಾರೆ. ಕಳೆದ ವರ್ಷ ಅದನ್ನೂ ನೋಡಿದ್ದೇನೆ.

ನಮ್ಮ ತಾಲ್ಲೂಕಿನಲ್ಲಿ ಬಹಳಷ್ಟು ತೋಟದ ಮನೆಗಳಲ್ಲಿ ಈಗ ಹುಲ್ಲು ಹೊಡೆಯುವ ಮಷಿನ್ ಇದೆ. ಒಂದು ಭಾನುವಾರ ನಾಲ್ಕು ಮಷಿನ್ ಬಂದರೆ ಒಂದು ಎಕರೆ ಮೈದಾನ ಮಧ್ಯಾಹ್ನದೊಳಗೆ ಮುಗಿಯುತ್ತದೆ, ಪೆಟ್ರೋಲಿಗೆ ಒಂದಿಷ್ಟು ದುಡ್ಡು, ಎಲ್ಲರಿಗೂ ಮಜ್ಜಿಗೆ ಅವಲಕ್ಕಿ. ಮಷಿನ್ ಓಡುವಾಗ ಕಲ್ಲು ಸಿಡಿಯುತ್ತದೆ, ಅದಕ್ಕೇ ಮಕ್ಕಳಿಲ್ಲದ ದಿನವೇ ಆಗಬೇಕು. ಕೊಯ್ದ ಹುಲ್ಲು ಯಾರದ್ದಾದರೂ ಕೊಟ್ಟಿಗೆಗೆ ಹೋಗುತ್ತದೆ. ಔಷಧಿ ಹೊಡೆದ ಹುಲ್ಲನ್ನು ದನಕ್ಕೂ ಹಾಕುವ ಹಾಗಿಲ್ಲ, ಹಾಗಾದರೆ ಅದರ ಮೇಲೆ ಮಕ್ಕಳು ಕೂರಬಹುದೇ?

ಹೆಜ್ಜೇನಿನ ಬಗ್ಗೆ ಸ್ವಲ್ಪ ಉದ್ದ ಬರೆಯಲೇಬೇಕು, ಇಲ್ಲಿ ತಪ್ಪು ಮಾಡಿದರೆ ಅನಾಹುತ ನಿಮಿಷದಲ್ಲಿ ಆಗುತ್ತದೆ. ನಮ್ಮ ಮೈದಾನದ ಅಂಚಿನಲ್ಲಿ ದೊಡ್ಡ ಬೂರುಗದ ಮರ. ಮಳೆ ಮುಗಿದು ಚಳಿ ಬೀಳುವಾಗ ಪ್ರತಿ ವರ್ಷ ಅದೇ ಕೊಂಬೆಗೆ ಹೆಜ್ಜೇನು ಬಂದು ಕೂರುತ್ತದೆ, ಮುಂದಿನ ಮಳೆಗಾಲದ ಹೊತ್ತಿಗೆ ಎದ್ದು ಹೋಗುತ್ತದೆ. ಎರಡು ವರ್ಷದ ಹಿಂದೆ ಸಭೆಯಲ್ಲಿ ಒಬ್ಬರು ರಾತ್ರಿ ದೊಂದಿ ಹಿಡಿದು ಸುಡೋಣ ಅಂದರು, ಇನ್ನೊಬ್ಬರು ಅಡಿಕೆಗೆ ಹೊಡೆಯುವ ಗಟಾರ್ ಪಂಪಿನಲ್ಲಿ ಕೀಟನಾಶಕ ಹೊಡೆಯೋಣ ಅಂದರು. ಸದ್ಯ, ಅವತ್ತು ನಮ್ಮೂರಿನ ಜೇನು ಸಾಕುವ ಅಜ್ಜ ಸಭೆಯಲ್ಲಿದ್ದರು. ‘ಒಂದು ಹುಳ ಚುಚ್ಚಿದ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಏಳ್ತದೆ, ಆ ವಾಸನೆ ಹಿಡಿದು ಉಳಿದವೆಲ್ಲ ಅಲ್ಲಿಗೇ ಬರ್ತವೆ. ನೀವು ರಾತ್ರಿ ಕೆಣಕಿ ಮನೆಗೆ ಹೋಗ್ತೀರಿ. ಬೆಳಿಗ್ಗೆ ಆ ಸಿಟ್ಟಿನ ಹುಳದ ಕೆಳಗೆ ಪ್ರಾರ್ಥನೆಗೆ ನಿಲ್ಲೋದು ಮಕ್ಕಳು’ ಅಂದರು. ಸಭೆ ತಣ್ಣಗಾಯಿತು. ವಿಷ ಹೊಡೆದ ಜೇನುಹುಟ್ಟು ಕೆಳಗೆ ಬಿದ್ದರೆ ಅದನ್ನು ಚೀಪುವ ಮಕ್ಕಳಿಗೂ ಕಡಿಮೆ ಇಲ್ಲ.

ಈಗ ನಾವು ಮಾಡುತ್ತಿರುವುದು ಇಷ್ಟೇ. ಜೇನು ಬಂದ ದಿನದಿಂದ ಮರದ ಸುತ್ತ ದೂರಕ್ಕೆ ಹಗ್ಗ ಕಟ್ಟುತ್ತೇವೆ, ಪ್ರಾರ್ಥನೆ ಮತ್ತು ಆಟ ಕಟ್ಟಡದ ಇನ್ನೊಂದು ಬದಿಗೆ. ಆ ಕಡೆ ಕಸ ಸುಡುವುದಿಲ್ಲ, ಹೊಗೆ ಎದ್ದರೆ ಜೇನೂ ಏಳುತ್ತದೆ. ಶಾಲಾ ವಾರ್ಷಿಕೋತ್ಸವಕ್ಕೆ ಪಟಾಕಿ ಇಲ್ಲ. ಕಲ್ಲು ಹೊಡೆಯುವ ವಯಸ್ಸಿನ ಹುಡುಗರನ್ನೇ ಕಾವಲಿಗೆ ಹಾಕಿದ್ದೇವೆ, ಅವರು ಚಿಕ್ಕವರನ್ನು ಹತ್ತಿರ ಬಿಡುವುದಿಲ್ಲ. ಗಿಡುಗ ಬಂದು ಜೇನುಹುಟ್ಟು ಕುಕ್ಕಿದರೂ ಜೇನು ಏಳಬಹುದು, ಅದು ನಮ್ಮ ಕೈಯಲ್ಲಿಲ್ಲ. ಅಂಥ ಹೊತ್ತಿಗೆ ಏನು ಮಾಡಬೇಕು ಅಂತ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ನಿಂತು ಕೈ ಬೀಸಬಾರದು, ಮುಖ ಮುಚ್ಚಿಕೊಂಡು ಓಡಿ ಹತ್ತಿರದ ರೂಮು ಸೇರಬೇಕು, ಕಿಟಕಿ ಬಾಗಿಲು ಹಾಕಬೇಕು. ಚುಚ್ಚಿದ ಮುಳ್ಳು ಚರ್ಮದಲ್ಲಿ ಉಳಿದು ವಿಷ ಬಿಡುತ್ತಲೇ ಇರುತ್ತದೆ, ತಡ ಮಾಡದೆ ಉಗುರಿನಲ್ಲಿ ಕೆರೆದು ತೆಗೆಯಬೇಕು. ಹತ್ತಾರು ಹುಳ ಕಚ್ಚಿದರೆ, ಅಥವಾ ಒಂದೇ ಕಚ್ಚಿದರೂ ಮುಖ, ನಾಲಿಗೆ ಊದಿಕೊಂಡು ಉಸಿರು ಕಟ್ಟಿದ ಹಾಗಾದರೆ ಆಸ್ಪತ್ರೆಗೆ ಓಡಬೇಕು. ಮರ ಮಕ್ಕಳ ದಾರಿಯ ಮೇಲೇ ಇದ್ದು ಬೇರೆ ಜಾಗ ಇಲ್ಲದ ಶಾಲೆಗಳೂ ಇರುತ್ತವೆ. ಅಲ್ಲಿ ತಿಳಿದವರನ್ನು ಕರೆಸಿ, ರಜೆಯ ದಿನ ಜೇನು ಬಿಡಿಸುವ ಕೆಲಸವನ್ನು ಅವರ ಕೈಯಲ್ಲೇ ಮಾಡಿಸಬೇಕು.

ಸೊಳ್ಳೆ ವಿಷಯ ಎಲ್ಲರಿಗೂ ಗೊತ್ತಿದೆ ಅಂದುಕೊಳ್ಳುತ್ತೇವೆ, ಆದರೂ ತಪ್ಪುತ್ತೇವೆ. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲು ಹೊತ್ತಿನಲ್ಲಿ, ಅಂದರೆ ಮಕ್ಕಳು ಶಾಲೆಯಲ್ಲಿರುವಾಗ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದಾಗ ಎಲ್ಲ ಕಡೆ ಫಾಗಿಂಗ್ ಮಾಡಿಸಿ ಅಂತ ಒತ್ತಾಯ ಶುರುವಾಯಿತು. ಹೊಗೆ ಬಿಟ್ಟರೆ ಹಾರಾಡುವ ಸೊಳ್ಳೆ ಸಾಯುತ್ತದೆ, ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ. ಮೊಟ್ಟೆಯಿಂದ ಸೊಳ್ಳೆ ಆಗುವುದಕ್ಕೆ ಏಳರಿಂದ ಹತ್ತು ದಿನ ಸಾಕು. ಅಂದರೆ ವಾರಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆ ತಿಕ್ಕಿ ಒಣಗಿಸಿದರೆ ಕಥೆ ಮುಗಿಯಿತು. ತಿಕ್ಕಲೇಬೇಕು, ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ನೀರು ಬಿದ್ದಾಗ ಮರಿಯಾಗುತ್ತದೆ. ನಮ್ಮ ಶಾಲೆಯಲ್ಲಿ ಹುಡುಕಿದಾಗ ಮರಿ ಸಿಕ್ಕಿದ್ದು ಎಲ್ಲಿ ಗೊತ್ತಾ? ಮಕ್ಕಳು ಹತ್ತಿ ಆಡಲಿ ಅಂತ ಅರ್ಧ ಹೂತು ಬಣ್ಣ ಬಳಿದಿದ್ದ ಟೈರುಗಳಲ್ಲಿ, ಮತ್ತೆ ಪಕ್ಕದ ತೋಟದಿಂದ ಬಿದ್ದ ಅಡಿಕೆ ಹಾಳೆಗಳಲ್ಲಿ. ಟೈರಿಗೆ ಕೆಳಗೆ ತೂತು ಹೊಡೆದೆವು. ಹಾಳೆಯನ್ನು ಪ್ರತಿ ಶುಕ್ರವಾರ ಏಳನೇ ಕ್ಲಾಸಿನವರು ಹೆಕ್ಕುತ್ತಾರೆ. ಕೈತೋಟದ ತೊಟ್ಟಿಗೆ ಗಪ್ಪಿ ಮೀನು ಬಿಟ್ಟಿದ್ದೇವೆ, ಮಕ್ಕಳಿಗೆ ಅದನ್ನು ನೋಡುವುದೇ ಒಂದು ಖುಷಿ.

ಉಣುಗಿನ ಬಗ್ಗೆ ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಕಾಣಿಸಿಕೊಂಡಿದ್ದು. ಕಾಡಂಚಿನ ಶಾಲೆಯ ಸುತ್ತ ಮಂಗ ಸತ್ತು ಬಿದ್ದಿದ್ದರೆ ಆರೋಗ್ಯ ಇಲಾಖೆಯವರು ಬಂದು ಆ ಜಾಗದ ಸುತ್ತ 50 ಅಡಿ ಮೆಲಾಥಿಯಾನ್ ಅನ್ನುವ ಕೀಟನಾಶಕದ ಪುಡಿ ಹಾಕುತ್ತಾರೆ. ಹಾಕಲೇಬೇಕು, ಅದನ್ನು ನಾನು ಬೇಡ ಅನ್ನುವುದಿಲ್ಲ. ಅಲ್ಲಿ ಕಾರಣ ಇದೆ, ಅಳತೆ ಇದೆ, ತಿಳಿದವರ ಕೈ ಇದೆ, ಹಾಕಿದ್ದು ಊರಿಗೆಲ್ಲ ಗೊತ್ತಿರುತ್ತದೆ. ಗೋಡೆ ಬುಡಕ್ಕೆ ಯಾರೋ ಉದುರಿಸಿ ಹೋಗುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ.

‘ಅಷ್ಟೆಲ್ಲ ಹೆದರಬೇಕಾ? ನಾವೂ ಔಷಧಿ ಹೊಡೆದುಕೊಂಡೇ ಬೆಳೆದಿಲ್ವಾ?’ ಅನ್ನುವವರು ಸಿಗುತ್ತಾರೆ. ಮಕ್ಕಳ ಮೈತೂಕ ನಮ್ಮ ಮೂರರಲ್ಲಿ ಒಂದು ಪಾಲು. ಅವರ ಮೂಗು ನೆಲಕ್ಕೆ ಹತ್ತಿರ, ಕೈ ಯಾವಾಗಲೂ ಬಾಯಿಗೆ. ನಮಗೆ ತಲೆನೋವು ತರುವಷ್ಟು ವಿಷ ಅವರನ್ನು ಆಸ್ಪತ್ರೆ ಸೇರಿಸಬಹುದು. ಇನ್ನು ಹೆದರಿಕೆಯ ಮಾತಿಗೆ, ಘಟ್ಟದ ಕೆಳಗೆ ಇಳಿದು ಕೊಕ್ಕಡ, ಪಟ್ರಮೆ ಕಡೆ, ಅಥವಾ ಕಾಸರಗೋಡಿನ ಹಳ್ಳಿಗಳಲ್ಲಿ ಕೇಳಿ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗಲೂ ಅದಕ್ಕೆ ಔಷಧಿ ಅಂತಲೇ ಹೇಳಿದ್ದರು. ಸುಪ್ರೀಂ ಕೋರ್ಟು ಅದನ್ನು 2011ರಲ್ಲಿ ನಿಲ್ಲಿಸಿತು. ಅಲ್ಲಿನ ಎಷ್ಟೋ ಅಮ್ಮಂದಿರು ಬೆಳೆದ ಮಕ್ಕಳನ್ನು ಇವತ್ತಿಗೂ ಎತ್ತಿಕೊಂಡೇ ಓಡಾಡುತ್ತಿದ್ದಾರೆ.

ನನ್ನ ಬೇಡಿಕೆ ದೊಡ್ಡದಲ್ಲ. ಶಿಕ್ಷಣ ಇಲಾಖೆ ಒಂದು ಪುಟದ ಸುತ್ತೋಲೆ ಕಳಿಸಲಿ. ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ಬರವಣಿಗೆಯಲ್ಲಿ ಒಪ್ಪದೆ ಶಾಲೆಯ ಆವರಣದಲ್ಲಿ ಯಾರೂ ಯಾವ ಕೀಟನಾಶಕ, ಕಳೆನಾಶಕ, ಇಲಿ ಪಾಷಾಣವನ್ನೂ ಬಳಸಬಾರದು, ಇಡಲೂಬಾರದು. ಗೆದ್ದಲಿಗೋ ಮತ್ತೊಂದಕ್ಕೋ ಬಳಸಲೇಬೇಕು ಅಂತಾದರೆ ಲೈಸೆನ್ಸ್ ಇದ್ದವರಿಂದ, ಸಾಲು ರಜೆಯಲ್ಲಿ, ಮಕ್ಕಳ ಮನೆಗೆ ಮುಂಚೆ ತಿಳಿಸಿ. ಡಬ್ಬಿಯ ಮೇಲಿನ ತ್ರಿಕೋನ ನೋಡುವುದನ್ನು ಎಲ್ಲರಿಗೂ ಹೇಳಿಕೊಡಲಿ. ಕೆಂಪು ಅಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೂ ಅದು ವಿಷವೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2000ನೇ ಇಸವಿಯಲ್ಲೇ ಕಾನೂನು ಮಾಡಿ, ಶಾಲೆಯಲ್ಲಿ ಔಷಧಿ ಹೊಡೆಯುವ 24 ಗಂಟೆ ಮುಂಚೆ ಬೋರ್ಡ್ ಹಾಕಬೇಕು, ಹೊಡೆದ ಮೇಲೆ 72 ಗಂಟೆ ಅದನ್ನು ತೆಗೆಯಬಾರದು ಅಂತ ಮಾಡಿದ್ದಾರೆ. ಒಂದು ಬೋರ್ಡ್ ಬರೆಯುವುದಕ್ಕೆ ನಮ್ಮಲ್ಲಿ ಸೀಮೆಸುಣ್ಣ ಇಲ್ಲವೇ?

ದುಡ್ಡಿನ ಮಾತೂ ಇದೆ. ಮೇ ಕೊನೆಯಲ್ಲಿ ಶಾಲೆ ಬಾಗಿಲು ತೆಗೆಯುವ ಮುಂಚೆ ಹುಲ್ಲು ಹೊಡೆಸಲು, ಬಿಲ ಮುಚ್ಚಿಸಲು, ಜಾಲರಿ ಹಾಕಿಸಲು ಒಂದಿಷ್ಟು ಹಣವನ್ನು ಪಂಚಾಯಿತಿಯಿಂದಲೋ ಶಾಲಾ ಅನುದಾನದಿಂದಲೋ ಇದಕ್ಕೇ ಅಂತ ತೆಗೆದಿಡಬೇಕು. ಶಿಕ್ಷಕರ ಜೇಬಿಗೆ ಇದನ್ನೂ ಹಾಕಬೇಡಿ, ಅವರು ಈಗಾಗಲೇ ಸಾಕಷ್ಟು ಹಾಕುತ್ತಿದ್ದಾರೆ. ದುಡ್ಡಿಲ್ಲದೆ ಇರುವುದರಿಂದಲೇ ಯಾರೋ ಪುಕ್ಕಟೆ ತಂದ ಔಷಧಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ.

ಆ ಗೋಡೆ ಬುಡದ ಮೇಲ್ಮಣ್ಣನ್ನು ಕೃಷಿ ಇಲಾಖೆಯವರನ್ನು ಕೇಳಿಕೊಂಡು, ಕೈಗವಸು ಹಾಕಿಕೊಂಡು ತೆಗೆಸಿದ್ದೇವೆ. ಆ ಜಾಗಕ್ಕೆ ನಾಲ್ಕಡಿ ಅಗಲ ಕಾಂಕ್ರೀಟ್ ಹಾಕಿಸಿಕೊಡಿ ಅಂತ ಪಂಚಾಯಿತಿಗೆ ಅರ್ಜಿ ಕೊಟ್ಟು ಐದು ವಾರ ಆಯಿತು, ಇನ್ನೂ ಯಾರೂ ಬಂದು ನೋಡಿಲ್ಲ. ಅಲ್ಲಿವರೆಗೆ ಹಗ್ಗ ಕಟ್ಟಿದ್ದೇವೆ. ಹುಡುಗಿಯರ ಅಡುಗೆ ಆಟ ಜಗಲಿಗೆ ಬಂದಿದೆ. ಒಗ್ಗರಣೆಗೆ ನಾನೇ ಮನೆಯಿಂದ ಒಂದು ಹಿಡಿ ರಾಗಿ ಕೊಟ್ಟಿದ್ದೇನೆ. ಆಗಸ್ಟ್ 15ರ ಹುಲ್ಲಿಗೆ ಈ ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಷಿನ್ ತರುತ್ತೇವೆ ಅಂತ ಮೂರು ಮನೆಯವರು ಒಪ್ಪಿದ್ದಾರೆ, ನಾಲ್ಕನೆಯವರನ್ನು ಹುಡುಕುತ್ತಿದ್ದೇನೆ.

ಇತಿ,
ಒಬ್ಬ ತಾಯಿ ಮತ್ತು ಎಸ್‌ಡಿಎಂಸಿ ಸದಸ್ಯೆ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ